ಕಾಡು ಗಿಳಿಗಳು: ವರ್ಗೀಕರಣ ಮತ್ತು ಸಂರಕ್ಷಣೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಜನತೆಗೆ ಚಿರಪರಿಚಿತವಾದ ಪಕ್ಷಿಗಳಲ್ಲಿ ಗಿಳಿಯೂ ಒಂದಾಗಿರುತ್ತದೆ. ಹೊಲ, ತೋಟ, ದೇವಾಲಯಗಳ ಆವರಣ ಹಾಗೂ ರಸ್ತೆ ಬದಿಯ ಹಳೆಯ ಮರಗಳಲ್ಲಿ ಹಿಂಡು ಹಿಂಡಾಗಿ ಕಾಣಸಿಗುವುದರಿಂದ ಈ ಪಕ್ಷಿಗೆ ಯಾವ ಅಪಾಯವೂ ಇಲ್ಲವೆಂದು ಭಾವಿಸುವುದು ಸಾಮಾನ್ಯ. ಆದರೆ ಗಿಳಿ ಎಂಬ ಒಂದೇ ಹೆಸರಿನಡಿ ಹಲವು ಪ್ರಭೇದಗಳಿದ್ದು, ಅವುಗಳ ಆವಾಸವು ಒಂದೇ ತೆರನಾಗಿರುವುದಿಲ್ಲ. ಪ್ರಭೇದವನ್ನು ಸರಿಯಾಗಿ ಗುರುತಿಸುವುದು ಹಾಗೂ ಗೂಡಿನ ಪೊಟರೆಗಳನ್ನು ಉಳಿಸುವುದು ಇವುಗಳ ಸಂರಕ್ಷಣೆಯ ಎರಡು ಆಧಾರಗಳಾಗಿವೆ.

ಭೌಗೋಳಿಕ ಹಿನ್ನೆಲೆ

ಚನ್ನಗಿರಿ ತಾಲ್ಲೂಕು ಅಡಿಕೆ ತೋಟಗಳು, ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆ ಹಾಗೂ ಉಬ್ರಾಣಿ ಭಾಗದ ಅರಣ್ಯವನ್ನು ಒಳಗೊಂಡಿದೆ. ಹೊನ್ನಾಳಿ ಹಾಗೂ ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯು ತುಂಗಭದ್ರಾ ನದಿ ಬಯಲಿನ ಪ್ರದೇಶಗಳಾಗಿವೆ. ಜಗಳೂರು ಕಡಿಮೆ ಮಳೆಯ ಬಯಲುಸೀಮೆಯಾಗಿದ್ದು, ಇಲ್ಲಿನ ಕುರುಚಲು ಹಾಗೂ ಎಲೆ ಉದುರುವ ಕಾಡಿನ ಒಂದು ಭಾಗವನ್ನು 2011ರಲ್ಲಿ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು.

ವರ್ಗೀಕರಣ

ಗಿಳಿಗಳು ಸಿಟ್ಟಾಸಿಫಾರ್ಮಿಸ್ ಗಣಕ್ಕೆ ಸೇರಿದ್ದು, ಪ್ರಪಂಚದಲ್ಲಿ ಸುಮಾರು 400 ಪ್ರಭೇದಗಳಿವೆ. ಬಾಗಿದ ಬಲವಾದ ಕೊಕ್ಕು, ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಇರುವ ಕಾಲು ಈ ಗಣದ ಲಕ್ಷಣಗಳು. ಕಾರ್ಲ್ ಲಿನೇಯಸ್‌ 1758ರಲ್ಲಿ ತನಗೆ ತಿಳಿದ ಗಿಳಿಗಳನ್ನೆಲ್ಲ ಸಿಟ್ಟಾಕಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದನು. 1800ರಲ್ಲಿ ಕುವಿಯೇ ಸಿಟ್ಟಾಕುಲ ಕುಲವನ್ನು ಹೆಸರಿಸಿದನು. ನಮ್ಮ ನಾಡಿನ ಉದ್ದ ಬಾಲದ ಗಿಳಿಗಳನ್ನು ಬಹುಕಾಲದಿಂದ ಈ ಕುಲದಲ್ಲಿಯೇ ಎಣಿಸಲಾಗಿದೆ.

ಇತ್ತೀಚಿನ ದಶಕಗಳ ಡಿಎನ್ಎ ಅಧ್ಯಯನಗಳು ಈ ಚಿತ್ರವನ್ನು ಬದಲಿಸಿವೆ. ಆಗ್ನೇಯ ಏಷ್ಯಾದ ಸಿಟ್ಟಿನಸ್ ಹಾಗೂ ಟ್ಯಾನಿಗ್ನಾಥಸ್ ಕುಲಗಳು ಮತ್ತು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಅಳಿದುಹೋದ ಮಸ್ಕರೀನ್ ಗಿಳಿ ಇದೇ ವಂಶಶಾಖೆಯೊಳಗೆ ಬರುತ್ತವೆಂದು ಅವುಗಳಿಂದ ತಿಳಿದುಬಂದಿದೆ. ಆದಕಾರಣ ಸಿಟ್ಟಾಕುಲವನ್ನು ಹಲವು ಕುಲಗಳಾಗಿ ವಿಭಜಿಸಬೇಕೆಂಬ ಸಲಹೆಯಿದ್ದು, ಒಂದೇ ಪಕ್ಷಿಗೆ ಬೇರೆ ಬೇರೆ ಗ್ರಂಥಗಳಲ್ಲಿ ಬೇರೆ ಬೇರೆ ವೈಜ್ಞಾನಿಕ ಹೆಸರು ಕಂಡುಬರಬಹುದು.

ಪ್ರಮುಖ ಪ್ರಭೇದಗಳು

ಗುಲಾಬಿ ಕೊರಳಿನ ಗಿಳಿ (ಸಿಟ್ಟಾಕುಲ ಕ್ರಾಮೇರಿ): ಊರು ಹಾಗೂ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಗಿಳಿ. 1769ರಲ್ಲಿ ಸ್ಕೊಪೊಲಿ ಇದನ್ನು ವಿವರಿಸಿದನು. ಬಾಲ ಸೇರಿ ಸುಮಾರು 40 ಸೆಂ.ಮೀ. ಉದ್ದವಿದ್ದು, ಗಂಡಿಗೆ ಕಪ್ಪು ಹಾಗೂ ಗುಲಾಬಿ ಬಣ್ಣದ ಕೊರಳಪಟ್ಟಿ ಇರುತ್ತದೆ. ಈ ಪಟ್ಟಿ ಪೂರ್ಣವಾಗಿ ಮೂಡಲು ಸುಮಾರು ಮೂರು ವರ್ಷ ಬೇಕಾಗುವುದರಿಂದ, ಪಟ್ಟಿಯಿಲ್ಲದ ಗಿಳಿಯೆಲ್ಲವೂ ಹೆಣ್ಣೆಂದು ಎಣಿಸುವುದು ತಪ್ಪಾಗುತ್ತದೆ.

ಕೆಂದಲೆ ಗಿಳಿ (ಸಿಟ್ಟಾಕುಲ ಸಯನೊಸೆಫಲ): ಗಾತ್ರದಲ್ಲಿ ಚಿಕ್ಕದು. ಗಂಡಿನ ತಲೆ ಕೆನ್ನೇರಳೆ, ಹೆಣ್ಣಿನ ತಲೆ ಬೂದು ಬಣ್ಣ. ಬಾಲದ ತುದಿ ಬಿಳಿ. ಊರಿಗಿಂತ ಎಲೆ ಉದುರುವ ಕಾಡು ಹಾಗೂ ಅದರ ಅಂಚಿನ ಹೊಲಗಳನ್ನು ಹೆಚ್ಚಾಗಿ ಅವಲಂಬಿಸಿರುತ್ತದೆ.

ನೀಲಿ ರೆಕ್ಕೆಯ ಗಿಳಿ (ಸಿಟ್ಟಾಕುಲ ಕೊಲಂಬಾಯ್ಡಿಸ್): ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ಪ್ರಭೇದ. ಬಯಲುಸೀಮೆಯ ಪಕ್ಷಿಯಲ್ಲ.

ಸಂಶೋಧನೆ

ಈ ಭಾಗವು ಅಂದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಡಾ. ಸಲೀಂ ಅಲಿಯವರು 1939-40ರಲ್ಲಿ ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಅದರ ಫಲಿತಾಂಶವು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಇಂದು ಹವ್ಯಾಸಿ ಪಕ್ಷಿವೀಕ್ಷಕರು ದಿನಾಂಕ ಹಾಗೂ ಸ್ಥಳದೊಡನೆ ದಾಖಲಿಸುವ ಮಾಹಿತಿಯೂ ವಿಜ್ಞಾನಿಗಳಿಗೆ ನೆರವಾಗುತ್ತಿದೆ. ಇಂತಹ ದಾಖಲೆಯಲ್ಲಿ ಬರಿದೇ ಗಿಳಿ ಎಂದು ಬರೆಯದೆ ಪ್ರಭೇದವನ್ನು ನಮೂದಿಸಿದಲ್ಲಿ ಮಾತ್ರ ಕೆಂದಲೆ ಗಿಳಿಯಂತಹ ಕಾಡಿನ ಪಕ್ಷಿಯ ಏರಿಳಿತ ತಿಳಿಯುತ್ತದೆ.

ಸಂತಾನೋತ್ಪತ್ತಿ ಮತ್ತು ಅಪಾಯಗಳು

ಗಿಳಿಗಳು ಕಡ್ಡಿಗಳಿಂದ ಗೂಡು ಕಟ್ಟುವುದಿಲ್ಲ. ಹಳೆಯ ಮರಗಳ ಪೊಟರೆ, ಮರಕುಟಿಗ ಹಾಗೂ ಕುಟುರ ಹಕ್ಕಿಗಳು ಕೊರೆದು ಬಿಟ್ಟ ಕುಳಿ, ಕೆಲವೊಮ್ಮೆ ಹಳೆಯ ಗೋಡೆಗಳ ಬಿಲಗಳಲ್ಲಿ ಮೊಟ್ಟೆಯಿಡುತ್ತವೆ. ಇದೇ ಪೊಟರೆಗಳಿಗಾಗಿ ಮೈನಾ, ಹಾಲಕ್ಕಿ ಗೂಬೆಗಳೂ ಪೈಪೋಟಿ ನಡೆಸುತ್ತವೆ. ಗುಲಾಬಿ ಕೊರಳಿನ ಗಿಳಿಯ ಮರಿಗಳು ಹೊರಬರಲು ಸುಮಾರು ಮೂರು ವಾರ ಕಾವು ಬೇಕಿದ್ದು, ಅನಂತರ ಆರರಿಂದ ಏಳು ವಾರಗಳ ಕಾಲ ಅವು ಗೂಡಿನಲ್ಲಿಯೇ ಇರುತ್ತವೆ. ಮರಿಗಳನ್ನು ಕದಿಯುವುದು ಈ ಅವಧಿಯಲ್ಲಿಯೇ. ಮರಿಗಾಗಿ ಪೊಟರೆಯ ಬಾಯನ್ನು ಕಡಿದು ಅಗಲಗೊಳಿಸಿದಲ್ಲಿ ಮುಂದಿನ ವರ್ಷಗಳ ಗೂಡೂ ನಾಶವಾಗುತ್ತದೆ. ಹೊಸದಾಗಿ ನೆಟ್ಟ ಸಸಿಯಲ್ಲಿ ಪೊಟರೆ ಮೂಡಲು ದಶಕಗಳೇ ಬೇಕಾಗುವುದರಿಂದ, ಕಡಿದ ಹಳೆಯ ಮರಕ್ಕೆ ಸಸಿಯು ತಕ್ಷಣದ ಪರಿಹಾರವಾಗುವುದಿಲ್ಲ.

ಬೆಳೆ ರಕ್ಷಣೆ

ಮೆಕ್ಕೆಜೋಳ, ಜೋಳ, ಸೂರ್ಯಕಾಂತಿ ಹಾಗೂ ಹಣ್ಣಿನ ಬೆಳೆಗಳಿಗೆ ಗಿಳಿಗಳಿಂದ ಹಾನಿಯಾಗುವುದು ನಿಜ. ತಿನ್ನುವುದಕ್ಕಿಂತ ಹೆಚ್ಚು ಕಾಳನ್ನು ಅವು ಕೆಡವುವುದರಿಂದ ರೈತರ ಅಸಮಾಧಾನ ಸಹಜವಾದುದು. ಕಾಳು ಹಾಲುಗಟ್ಟುವ ಹಂತದಿಂದ ಕಟಾವಿನವರೆಗೆ ಬೆಳಗಿನ ಹಾಗೂ ಸಂಜೆಯ ಕಾವಲು, ಹೊಳೆಯುವ ಪಟ್ಟಿಗಳನ್ನು ಕಟ್ಟುವುದು, ಸಾಧ್ಯವಾದಲ್ಲಿ ಅಕ್ಕಪಕ್ಕದ ರೈತರು ಏಕಕಾಲದಲ್ಲಿ ಬಿತ್ತನೆ ಮಾಡುವುದು ಉಪಯುಕ್ತ ಕ್ರಮಗಳಾಗಿವೆ. ಪಕ್ಷಿಗಳು ಬೇಗನೆ ರೂಢಿಯಾಗುವುದರಿಂದ ಬೆದರಿಸುವ ವಿಧಾನವನ್ನು ಆಗಾಗ್ಗೆ ಬದಲಿಸುವುದು ಅವಶ್ಯ.

ಕಾನೂನು ರಕ್ಷಣೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ದೇಶದ ಕಾಡು ಗಿಳಿಗಳನ್ನು ಹಿಡಿಯುವುದು, ಮಾರುವುದು, ಅವುಗಳ ಮೊಟ್ಟೆ ಅಥವಾ ಗೂಡಿಗೆ ಹಾನಿ ಮಾಡುವುದು ಅಪರಾಧವಾಗಿದ್ದು, ಸೆರೆವಾಸ ಅಥವಾ ದಂಡ ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ. 2022ರ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಿಂದೆ ನಾಲ್ಕನೆಯ ಅನುಸೂಚಿಯಲ್ಲಿದ್ದ ಗುಲಾಬಿ ಕೊರಳಿನ ಗಿಳಿಯು ಈಗ ಎರಡನೆಯ ಅನುಸೂಚಿಯಲ್ಲಿದೆ. ಪ್ರೀತಿಯಿಂದ ಸಾಕಲಾಗಿದೆ ಎಂಬ ಕಾರಣಕ್ಕೆ ಕಾನೂನಿನಲ್ಲಿ ವಿನಾಯಿತಿ ಇರುವುದಿಲ್ಲ.

ಸಾರ್ವಜನಿಕರ ಸಹಕಾರ

ಪೊಟರೆಯಿರುವ ಹಳೆಯ ಮರಗಳನ್ನು, ಒಣಗಿದ್ದರೂ ಅಪಾಯವಿಲ್ಲದಿದ್ದಲ್ಲಿ, ಉಳಿಸುವುದು. ಗಿಳಿ ಮರಿಗಳನ್ನು ಕೊಳ್ಳದಿರುವುದು. ಮಾರಾಟ ಕಂಡುಬಂದಲ್ಲಿ ಅಥವಾ ಗಾಯಗೊಂಡ ಗಿಳಿ ದೊರೆತಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸುವುದು. ಪಂಜರದಲ್ಲಿ ಬೆಳೆದ ಗಿಳಿಗೆ ಆಹಾರ ಹುಡುಕುವ ಹಾಗೂ ಶತ್ರುಗಳಿಂದ ತಪ್ಪಿಸಿಕೊಳ್ಳುವ ರೂಢಿ ಇರುವುದಿಲ್ಲವಾದ್ದರಿಂದ ಅದನ್ನು ತಾವಾಗಿಯೇ ಹೊರಗೆ ಬಿಡದೆ ಇಲಾಖೆಗೆ ಒಪ್ಪಿಸುವುದು ಸೂಕ್ತ.