ಬಾಲ್ಯದ ಏಟು, ಹರೆಯದ ಆತಂಕ

ಮಂಡ್ಯ ತಾಲ್ಲೂಕಿನ ಬಸರಾಳಿರಲಿ, ಮದ್ದೂರು, ಮಳವಳ್ಳಿ ಕಡೆಯ ಊರುಗಳಿರಲಿ, ಮಕ್ಕಳ ಮೇಲೆ ಕೈಮಾಡುವುದನ್ನು ತಪ್ಪೆಂದು ಎಣಿಸದ ಮನೆಗಳು ಇನ್ನೂ ಇವೆ. ಹುಣಸೆ ಬರಲಿನ ಬಾಸುಂಡೆ ವಾರದೊಳಗೆ ಮಾಯುತ್ತದೆ. ಏಟಿನ ಜೊತೆ ಕಲಿತ ಭಯ ಎಷ್ಟೋ ಮಕ್ಕಳಲ್ಲಿ ಇಪ್ಪತ್ತು ದಾಟಿದ ಮೇಲೂ ಉಳಿದಿರುತ್ತದೆ.

ಯಾವುದು ಕಠೋರ?

ಹೊತ್ತಿಗೆ ಸರಿಯಾಗಿ ಓದಿಸುವುದು, ಮೊಬೈಲ್ ತೆಗೆದಿಡುವುದು ಶಿಸ್ತು. ಹೊಡೆತ, ಮನೆಯಿಂದ ಹೊರಹಾಕುವ ಬೆದರಿಕೆ, ನೆಂಟರಿಷ್ಟರ ಮುಂದೆ ಹೀಯಾಳಿಸುವುದು, ದಿನಗಟ್ಟಲೆ ಮಾತು ಬಿಡುವುದು ಕಠೋರತೆ. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ ಇದೇ ಗೆರೆಯನ್ನು ಎಳೆದರು: ಕಾರಣ ಹೇಳಿ, ಅಕ್ಕರೆಯಿಂದ ನಿಯಮ ಪಾಲಿಸುವಂತೆ ಮಾಡುವ ಪಾಲಕರು ಒಂದು ಬಗೆ; ಬರಿಯ ವಿಧೇಯತೆ ಬೇಡುವವರು ಇನ್ನೊಂದು.

ಭಯ ಬೇರುಬಿಡುವ ಬಗೆ

ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಪುಸ್ತಕ ಹಿಡಿಯುವ ಮಗು ಓದುತ್ತಿರುವುದಿಲ್ಲ, ಅಪ್ಪನ ಮುಖ ಇವತ್ತು ಹೇಗಿದೆ ಎಂದು ಅಳೆಯುತ್ತಿರುತ್ತದೆ. ಅಪಾಯ ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲ ಮತ್ತೆಮತ್ತೆ ಕೆರಳಿ, ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳ ಏರಿಳಿತ ಹದತಪ್ಪಬಹುದು. ಯಾವಾಗ, ಯಾಕೆ ಏಟು ಬೀಳುತ್ತದೆಂದು ತಿಳಿಯದ ಮನೆಯಲ್ಲಿ ಇದು ಇನ್ನೂ ಹೆಚ್ಚು. ಅಂಥ ಮಗು ಎರಡು ಪಾಠ ಕಲಿಯುತ್ತದೆ: ತಪ್ಪು ಮಾಡಿದರೆ ಉಳಿಗಾಲವಿಲ್ಲ, ಕಷ್ಟ ಹೇಳಿಕೊಂಡರೆ ಇನ್ನಷ್ಟು ಬೈಗುಳ. ಮುಂದೆ ಬೆಂಗಳೂರಿನ ಕೆಲಸದಲ್ಲಿ ಮ್ಯಾನೇಜರ್ ಸುಮ್ಮನೆ ಕರೆದರೂ ಎದೆ ಡವಗುಟ್ಟಲು ಈ ಪಾಠಗಳೇ ಸಾಕು.

ಹೊಡೆಸಿಕೊಂಡವರೆಲ್ಲ ಹೀಗಾಗುವುದಿಲ್ಲ. ಹುಟ್ಟುಗುಣ, ಮನೆತನದಲ್ಲಿ ಬಂದ ಆತಂಕ, ಸಾಲ, ಕುಡಿತ ಎಲ್ಲವೂ ಸೇರಿಕೊಳ್ಳುತ್ತವೆ. ಮಡಿಲಿಗೆ ಎಳೆದುಕೊಳ್ಳುವ ಒಬ್ಬ ಅಜ್ಜಿ ಇದ್ದರೂ ಪೆಟ್ಟಿನ ಪರಿಣಾಮ ತಗ್ಗಬಹುದು.

‘ನಮ್ಮಲ್ಲಿ ಎಲ್ರೂ ಹೊಡೀತಾರೆ’

ಈ ವಾದಕ್ಕೆ ಉತ್ತರವಿದೆ. ಜೆನ್ನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು ಭಾರತ, ಚೀನಾ, ಕೀನ್ಯಾ, ಇಟಲಿ, ಫಿಲಿಪೀನ್ಸ್, ಥಾಯ್ಲೆಂಡ್‌ಗಳ ತಾಯಂದಿರನ್ನೂ ಮಕ್ಕಳನ್ನೂ ಮಾತಾಡಿಸಿ 2005ರಲ್ಲಿ ವರದಿ ಮಾಡಿದರು. ಹೊಡೆತ ರೂಢಿಯಾಗಿರುವಲ್ಲಿ ಅದಕ್ಕೂ ಆತಂಕಕ್ಕೂ ಇರುವ ನಂಟು ಕೊಂಚ ಸಡಿಲ. ಆದರೆ ಹೆಚ್ಚು ಹೊಡೆಸಿಕೊಂಡ ಮಕ್ಕಳಲ್ಲಿ ಆತಂಕ, ಸಿಟ್ಟು ಅಲ್ಲೂ ಹೆಚ್ಚೇ. 2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 1,60,000ಕ್ಕೂ ಹೆಚ್ಚು ಮಕ್ಕಳ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಹೊಡೆತದಿಂದ ಒಳಿತಾದ ಸುಳಿವು ಸಿಗಲಿಲ್ಲ. ರೂಢಿಯ ಹೆಸರಿನಲ್ಲಿ ನಾವು ಇದನ್ನು ಇನ್ನು ಸಮರ್ಥಿಸಬಾರದು.

ಹರೆಯದಲ್ಲಿ ಕಾಣುವ ರೂಪ

ಆತಂಕ ಬಹಳ ಸಲ ಮೈಯ ಕಾಯಿಲೆಯ ವೇಷದಲ್ಲಿ ಬರುತ್ತದೆ. ಹೊಟ್ಟೆ ತೊಳಸಿದರೆ ಗ್ಯಾಸ್ಟ್ರಿಕ್ ಮಾತ್ರೆ, ಎದೆ ಬಡಿದರೆ ಇಸಿಜಿ. ವರದಿ ಸರಿಯಿದ್ದರೂ ನಿದ್ದೆ ಬರುವುದಿಲ್ಲ, ಸಂದರ್ಶನಕ್ಕೆ ಹೋಗಲು ಕಾಲೇಳುವುದಿಲ್ಲ.

ಕಾನೂನು, ಚಿಕಿತ್ಸೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯೊಳಗಿನ ಕ್ರೌರ್ಯಕ್ಕೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098.

ಆತಂಕಕ್ಕೆ ಪರಿಣಾಮಕಾರಿ ಚಿಕಿತ್ಸೆಯಿದೆ. ಅರಿವು-ವರ್ತನೆ ಚಿಕಿತ್ಸೆಯಲ್ಲಿ, ತಪ್ಪಿಸಿಕೊಳ್ಳುತ್ತಿದ್ದ ಸಂದರ್ಭಗಳನ್ನು ವ್ಯಕ್ತಿ ಹಂತಹಂತವಾಗಿ ಎದುರಿಸುತ್ತಾನೆ. ಅಗತ್ಯವಿದ್ದರೆ ಔಷಧವೂ ಉಂಟು. ಬಸರಾಳಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಮಂಡ್ಯದ ಮಿಮ್ಸ್. ಅಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಹೋಗಲು ಹಿಂಜರಿಯುವವರು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ, ಖರ್ಚಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.