ಗೆಲಕ್ಸಿಯನ್ನು ತೂಗಿದ ನಕ್ಷತ್ರಗುಚ್ಛಗಳು

ಶಿಕಾರಿಪುರ, ಸೊರಬದ ಕಡೆಯ ವಿದ್ಯಾರ್ಥಿಗಳು ಮೇ ತಿಂಗಳಲ್ಲಿ, ಮಳೆಗಾಲದ ಮೋಡ ಕವಿಯುವ ಮೊದಲು, ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಬೇಕು. ದಿಗಂತದಿಂದ ಸುಮಾರು 28 ಡಿಗ್ರಿ ಎತ್ತರದಲ್ಲಿ ಮಸುಕಾದ ಚುಕ್ಕಿಯೊಂದು ಕಾಣುತ್ತದೆ. ಅದು ಒಂಟಿ ನಕ್ಷತ್ರವಲ್ಲ. ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಗುಚ್ಛ, ಒಮೇಗಾ ಸೆಂಟಾರಿ. ಲಂಡನ್ನಿನಿಂದ ಇದು ಕಾಣದು. 1677ರಲ್ಲಿ ಎಡ್ಮಂಡ್ ಹ್ಯಾಲಿ ಇದನ್ನು ಗುರುತಿಸಿದ್ದು ಸೇಂಟ್ ಹೆಲೆನಾ ದ್ವೀಪದಿಂದ.

1918ರಲ್ಲಿ ಅಮೆರಿಕದ ಹಾರ್ಲೊ ಶೇಪ್ಲಿ ಇಂಥ ಗೋಳಗುಚ್ಛಗಳ ದೂರ ಲೆಕ್ಕಹಾಕಿದರು. ಅವು ಧನು ರಾಶಿಯ ಕಡೆ ಗುಂಪುಗೂಡಿದ್ದವು. ಗೆಲಕ್ಸಿಯ ಕೇಂದ್ರ ಅಲ್ಲಿದೆ, ಸೂರ್ಯ ನಡುವಿನಲ್ಲಿಲ್ಲ ಎಂದು ಅವರು ಸಾರಿದರು. ಅವರು ಹೇಳಿದ ದೂರ ನಿಜಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ದಿಕ್ಕು ಮಾತ್ರ ಸರಿಯಾಗಿತ್ತು.

ಗುಚ್ಛವು ಎಷ್ಟು ದೂರದಲ್ಲಿ, ಎಷ್ಟು ವೇಗವಾಗಿ ಚಲಿಸುತ್ತಿದೆ ಎಂದು ತಿಳಿದರೆ ಅದನ್ನು ಹಿಡಿದಿಟ್ಟ ಗುರುತ್ವ ತಿಳಿಯುತ್ತದೆ. ಗುರುತ್ವದಿಂದ ಒಳಗಿರುವ ದ್ರವ್ಯರಾಶಿ. ನಮ್ಮತ್ತ ಬರುವ ಅಥವಾ ದೂರ ಸರಿಯುವ ವೇಗವನ್ನು ಬೆಳಕಿನ ರೋಹಿತವೇ ಹೇಳುತ್ತದೆ. ಪಕ್ಕಕ್ಕೆ ಸರಿಯುವ ವೇಗವೇ ಕಷ್ಟ. ಅದಕ್ಕೆ ಹಳೆಯ ಸ್ಥಾನವನ್ನೂ ಹೊಸ ಸ್ಥಾನವನ್ನೂ ಹೋಲಿಸಬೇಕು. ಹಳೆಯದನ್ನು ಯಾರೋ ತಾಳ್ಮೆಯಿಂದ ಬರೆದಿಟ್ಟಿರಬೇಕು!

ಅಂಥ ತಾಳ್ಮೆ ನಮ್ಮ ನೆರೆಯಲ್ಲೇ ಇತ್ತು. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, 1901ರಲ್ಲಿ, ನವಾಬ್ ಜಫರ್ ಜಂಗ್ ಹೈದರಾಬಾದಿನಲ್ಲಿ ನಿಜಾಮಿಯಾ ವೀಕ್ಷಣಾಲಯ ಸ್ಥಾಪಿಸಿದರು. ಇಡೀ ಆಕಾಶದ ಛಾಯಾಚಿತ್ರ ತೆಗೆಯಲು 1887ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಯೋಜನೆಯ ಒಂದು ಪಟ್ಟಿ ಈ ವೀಕ್ಷಣಾಲಯದ ಪಾಲಿಗೆ ಬಂತು. ಗಾಜಿನ ಫಲಕಗಳ ಮೇಲೆ ಒಂದೊಂದೇ ಚುಕ್ಕಿ ಅಳೆದ ಆ ದುಡಿಮೆ ಆಗಿನವರಿಗೆ ಎಷ್ಟು ನೀರಸವೆನಿಸಿತ್ತೋ! ಈ ಯೋಜನೆಯ ಅಳತೆಗಳು 2000ದಲ್ಲಿ ಪ್ರಕಟವಾದ ಟೈಕೊ-2 ನಕ್ಷತ್ರಪಟ್ಟಿಗೆ ಹಳೆಯ ಸ್ಥಾನಗಳನ್ನು ಒದಗಿಸಿದವು. ಅಲ್ಲಿಯೇ ಕೆಲಸ ಮಾಡುತ್ತಿದ್ದವರ ಮಗ ವೈಣು ಬಾಪು. 1971ರಲ್ಲಿ ಸ್ವಾಯತ್ತವಾದ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು.

2019ರಲ್ಲಿ ಗಯಾ ಮತ್ತು ಹಬಲ್ ಅಳೆದ 46 ಗುಚ್ಛಗಳ ಚಲನೆಯಿಂದ ನಮ್ಮ ಗೆಲಕ್ಸಿ ಸುಮಾರು 1.5 ಲಕ್ಷ ಕೋಟಿ ಸೂರ್ಯರಷ್ಟು ತೂಗುತ್ತದೆ ಎಂಬ ಲೆಕ್ಕ ಬಂತು. ಅದರಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣದ ಕಪ್ಪು ದ್ರವ್ಯ. ಆದರೆ 2023ರಲ್ಲಿ ಇನ್ನೊಂದು ತಂಡ, ಗಯಾ ಮಾಹಿತಿಯಿಂದಲೇ ತಟ್ಟೆಯ ನಕ್ಷತ್ರಗಳ ವೇಗ ಹಿಡಿದು, ಸುಮಾರು 20 ಸಾವಿರ ಕೋಟಿ ಸೂರ್ಯರಷ್ಟೇ ಎಂದಿತು. ಏಳು ಪಟ್ಟಿಗೂ ಮಿಕ್ಕ ಅಂತರ! ಗಯಾ 2025ರ ಜನವರಿಯಲ್ಲಿ ವೀಕ್ಷಣೆ ನಿಲ್ಲಿಸಿತು. ಅದು ಕೂಡಿಟ್ಟ ಮಾಹಿತಿಯ ಲೆಕ್ಕ ಇನ್ನೂ ನಡೆದಿದೆ.