ಚರಿತ್ರೆ ಚೂರು, ಭಾಗ 6: ಲಂಗದೊಳಗಿನ ಹೀಟರ್

ವರ್ಮೀರ್ ಬರೆದ ‘ಹಾಲು ಸುರಿಯುವ ಸೇವಕಿ’ ಚಿತ್ರ ನೋಡಿರ್ತೀರ. ಸುಮಾರು 1660ರದ್ದು, ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿದೆ. ಎಲ್ಲರೂ ಹಾಲನ್ನೇ ನೋಡ್ತಾರೆ. ನೀವು ಜೂಮ್ ಮಾಡಿ, ಬಲಗಡೆ ನೆಲ ನೋಡಿ. ಪುಟ್ಟ ಮರದ ಪೆಟ್ಟಿಗೆ ಕಾಣ್ತಾ?

ಅದೇ ಸ್ಟೋಫ್. ಒಳಗೆ ಮಣ್ಣಿನ ಬಟ್ಟಲಲ್ಲಿ ಕೆಂಡ, ಮೇಲಿನ ಹಲಗೆಯಲ್ಲಿ ತೂತುಗಳು. ಅದರ ಮೇಲೆ ಕಾಲಿಟ್ಟು ಕೂತ್ರೆ ಶಾಖ ಉದ್ದ ಲಂಗದೊಳಗೇ ನಿಲ್ತಿತ್ತು. ಇಡೀ ಮನೆ ಕಾಯಿಸೋ ಮಾತೇ ಇಲ್ಲ; ಒಲೆಯ ಬಿಸಿ ಬಹುಪಾಲು ಚಿಮಣಿ ಪಾಲು. ರಾತ್ರಿಗೆ ಗೋಡೆಯೊಳಗೆ ಬೀರುವಿನಂಥ ಮಂಚ. ಬಾಗಿಲೋ ಪರದೆಯೋ ಎಳ್ಕೊಂಡ್ರೆ ಮೈಬಿಸಿಯೇ ಸಾಕು. (ಒಳಗಿನ ಗಾಳಿ ಹೇಗಿರ್ತಿತ್ತು ಅಂತ ಯೋಚಿಸ್ಬೇಡಿ!)

2022ರಲ್ಲಿ ಮ್ಯೂಸಿಯಂನವರು ಚಿತ್ರ ಸ್ಕ್ಯಾನ್ ಮಾಡಿದ್ರು. ಬಣ್ಣದ ಕೆಳಗೆ ವರ್ಮೀರ್ ಮುಚ್ಚಿಹಾಕಿದ್ದ ಇನ್ನೊಂದು ವಸ್ತು ಸಿಕ್ತು: ಕೆಂಡದ ಬುಟ್ಟಿ. ಎಳೆಮಗುವನ್ನು ಬೆಚ್ಚಗಿಡೋಕೆ, ಅದರ ಬಟ್ಟೆ ಒಣಗಿಸೋಕೆ. ನಮ್ಮ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ನೆನಪಾಯ್ತಾ?

ಅದೇ ವರ್ಷ ಉಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಗಗನಕ್ಕೇರಿತ್ತು. ಮನೆಯ ಹೀಟಿಂಗ್ 19 ಡಿಗ್ರಿಗೆ ಇಳಿಸಿ ಅಂತ ಡಚ್ ಸರ್ಕಾರವೇ ಜನರನ್ನ ಕೇಳ್ತು. ಬಿಲ್ಲಿಗೆ ಹೆದರಿ ಎಷ್ಟೋ ಜನ ಅಕ್ಟೋಬರ್ ಬಂದ್ರೂ ಸ್ವಿಚ್ ಹಾಕದೆ ಸ್ವೆಟರ್, ಬಿಸಿನೀರಿನ ಬ್ಯಾಗ್ ಹಿಡಿದು ಕೂತ್ರು. ಆದ್ರೆ ಸ್ಟೋಫ್ ಕಾಲದ ಮನೆಯನ್ನ ಸಣ್ಣ ಬಿಸಿಗೆ ಅಂತಲೇ ಕಟ್ಟಿದ್ರು. ಈಗಿನ ಫ್ಲ್ಯಾಟ್‌ನ ಮಂಚಕ್ಕೆ ಬಾಗಿಲೆಲ್ಲಿ?

ಮುಂದಿನ ಭಾಗ: ಕೊರಿಯಾದ ಬಿಸಿ ನೆಲ, ಒಂಡೋಲ್.